ಕೈಗಾರಿಕಾ ಪಾರ್ಕ್‌ಗಳ ಜಾಹೀರಾತು ಫಲಕಗಳು: ಅನುಮತಿ ಯಾರದು, ಮಿತಿ ಎಷ್ಟು, ಭಾಷೆ ಯಾವುದು?

ಗಡಿನಾಡಿನ ನಮ್ಮ ಊರುಗಳ ಚಹರೆ ಕಳೆದ ಕೆಲವು ದಶಕಗಳಲ್ಲಿ ಬಹಳಷ್ಟು ಬದಲಾಗಿದೆ. ಹೊಸೂರಿನ ಸಿಪ್ಕಾಟ್, ಸೊಲ್ಲಾಪುರದ ಅಕ್ಕಲಕೋಟೆ ರಸ್ತೆ ಹಾಗೂ ಚಿಂಚೋಳಿಯ ಎಂಐಡಿಸಿ ಪ್ರದೇಶಗಳು, ಕಾಸರಗೋಡಿನ ಸೀತಾಂಗೋಳಿಯ ಕಿನ್‌ಫ್ರಾ ಪಾರ್ಕ್, ಗೋವೆಯ ವೆರ್ಣಾ ಕೈಗಾರಿಕಾ ವಸಾಹತು ಮುಂತಾದವು ನಮ್ಮ ಅನೇಕ ಮನೆಗಳ ಅನ್ನದ ದಾರಿಯಾಗಿವೆ. ಹೆತ್ತವರು ಇಲ್ಲಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಇವುಗಳ ಮುಂದಿನ ರಸ್ತೆಯಲ್ಲೇ ಶಾಲೆಗೆ ನಡೆಯುತ್ತಾರೆ, ಬಸ್ಸು ಕಾಯುತ್ತಾರೆ. ಈ ರಸ್ತೆಗಳ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ಫಲಕಗಳು ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿವೆ. ಅವುಗಳನ್ನು ನಿಲ್ಲಿಸಲು ಯಾರ ಅನುಮತಿ ಬೇಕು, ಎಷ್ಟು ಎತ್ತರದವರೆಗೆ ನಿಲ್ಲಿಸಬಹುದು, ಅವು ಬಿದ್ದರೆ ಹೊಣೆ ಯಾರದು, ಅವುಗಳಲ್ಲಿ ಕನ್ನಡಕ್ಕೆ ಸ್ಥಾನವುಂಟೆ ಎಂಬ ಪ್ರಶ್ನೆಗಳಿಗೆ ಉತ್ತರ ಮಾತ್ರ ಬೇರೆ ಬೇರೆ ಕಾಯ್ದೆಗಳಲ್ಲಿ ಹರಡಿಕೊಂಡಿದೆ. ಆ ಉತ್ತರಗಳನ್ನು ಒಂದೆಡೆ ಕಲೆಹಾಕಿ ಕನ್ನಡ ಮಾಧ್ಯಮ ಶಾಲೆಗಳ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಫಲಕಗಳಲ್ಲಿ ಎಷ್ಟು ಬಗೆ?

ಎಲ್ಲ ಫಲಕಗಳೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಯಾವುದೇ ಕೈಗಾರಿಕಾ ಪಾರ್ಕ್ ಅಥವಾ ಐಟಿ ಪಾರ್ಕಿನಲ್ಲಿ ಸಾಮಾನ್ಯವಾಗಿ ಕೆಳಗಿನ ಬಗೆಗಳು ಕಾಣಸಿಗುತ್ತವೆ.

ಮೊದಲನೆಯದು ನಾಮಫಲಕ. ಸಂಸ್ಥೆಯ ಹೆಸರು ಮತ್ತು ಅದು ಮಾಡುವ ವ್ಯವಹಾರವನ್ನು ಅದೇ ಕಟ್ಟಡದ ಮೇಲೆ ತಿಳಿಸುವಂಥದು. ಎರಡನೆಯದು ಪಾರ್ಕಿನ ಹೆಬ್ಬಾಗಿಲಲ್ಲಿ ಎತ್ತರದ ಕಂಬದ ಮೇಲೆ ಅಥವಾ ಗೋಪುರದಂತೆ ನಿಂತು ಒಳಗಿರುವ ಸಂಸ್ಥೆಗಳ ಪಟ್ಟಿಯನ್ನು ತೋರಿಸುವ ಸಾಮೂಹಿಕ ಫಲಕ. ಮೂರನೆಯದು ಕಟ್ಟಡದ ಮಾಳಿಗೆಯಿಂದ ಮೇಲಕ್ಕೆ ಆಕಾಶದತ್ತ ಚಾಚಿದ ಫಲಕ; ಪೌರ ಕಾಯ್ದೆಗಳಲ್ಲಿ ಇದಕ್ಕೆ ಆಕಾಶ ಫಲಕ ಎಂಬ ಅರ್ಥದ ಹೆಸರೇ ಇದೆ. ನಾಲ್ಕನೆಯದು ಪಾರ್ಕಿಗೂ ಅಲ್ಲಿನ ಉದ್ದಿಮೆಗೂ ಸಂಬಂಧವಿಲ್ಲದ ಸರಕನ್ನು ಹೆದ್ದಾರಿಯ ಪ್ರಯಾಣಿಕರಿಗೆ ತೋರಿಸುವ ಬೃಹತ್ ಹೋರ್ಡಿಂಗ್. ಐದನೆಯದು ಸಮಾರಂಭ, ಹುಟ್ಟುಹಬ್ಬ, ನೇಮಕಾತಿ ಮೇಳ ಮುಂತಾದವುಗಳಿಗಾಗಿ ಕಟ್ಟುವ ತಾತ್ಕಾಲಿಕ ಬ್ಯಾನರು, ಫ್ಲೆಕ್ಸುಗಳು. ಆರನೆಯದು ದಾರಿ ತೋರುವ, ಅಪಾಯವನ್ನು ಎಚ್ಚರಿಸುವ ಸೂಚನಾ ಫಲಕಗಳು.

ಇವುಗಳಲ್ಲಿ ಆರನೆಯದು ಜಾಹೀರಾತೇ ಅಲ್ಲ. ಮೊದಲನೆಯದಕ್ಕೆ ನಿಯಮಗಳು ಸಡಿಲ. ಮೂರು ಮತ್ತು ನಾಲ್ಕನೆಯವು ಅತ್ಯಂತ ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಡುವಂಥವು. ಯಾವುದೇ ಫಲಕದ ಬಗ್ಗೆ ಆಕ್ಷೇಪವೆತ್ತುವ ಮೊದಲು ಅದು ಯಾವ ಬಗೆಗೆ ಸೇರಿದ್ದೆಂದು ಗುರುತಿಸಿಕೊಳ್ಳುವುದು ಅವಶ್ಯ.

ನಿಯಂತ್ರಣದ ಹುಟ್ಟು

ಜಾಹೀರಾತು ಫಲಕಗಳನ್ನು ನಗರ ಯೋಜನೆಯ ಭಾಗವಾಗಿ ನೋಡುವ ಪದ್ಧತಿ ಇಂಗ್ಲೆಂಡಿನಲ್ಲಿ ಸ್ಪಷ್ಟ ರೂಪ ತಾಳಿತು. ಅಲ್ಲಿ 1907ರಲ್ಲಿ ಜಾಹೀರಾತು ನಿಯಂತ್ರಣ ಕಾಯ್ದೆ ಬಂದಿತು. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ ಬಳಿಕ ಈ ವಿಷಯ ಯೋಜನಾ ಪ್ರಾಧಿಕಾರಗಳ ಕೈಗೆ ಬಂದಿತು. ಇಂದು ಅಲ್ಲಿ ನಡೆಯುತ್ತಿರುವುದು 2007ರ ಜಾಹೀರಾತು ನಿಯಂತ್ರಣ ನಿಯಮಾವಳಿ.

ಆ ನಿಯಮಾವಳಿಯ ಬಿಗಿಯಾದ ಕಟ್ಟು ನಮಗೂ ಅರಿತಿರಬೇಕಾದದ್ದು. ಪ್ರಾಧಿಕಾರವು ಫಲಕವೊಂದನ್ನು ಎರಡೇ ಎರಡು ನೆಲೆಗಳಲ್ಲಿ ಅಳೆಯಬಹುದು: ಪರಿಸರದ ಅಂದ ಮತ್ತು ಸಾರ್ವಜನಿಕ ಸುರಕ್ಷತೆ. ಫಲಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿದೆ. ಕೆಲವು ನಿಯಂತ್ರಣದಿಂದಲೇ ಹೊರಗೆ. ಕೆಲವಕ್ಕೆ ನಿಗದಿತ ಅಳತೆಯೊಳಗಿದ್ದರೆ ಅರ್ಜಿಯಿಲ್ಲದೆಯೇ ಅನುಮತಿ ದೊರೆತಂತೆ. ಉಳಿದವಕ್ಕೆ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಉದ್ದಿಮೆಯ ಕಟ್ಟಡದ ಮೇಲಿನ ಬೆಳಕಿಲ್ಲದ ಸಾಮಾನ್ಯ ನಾಮಫಲಕ ಎರಡನೆಯ ಗುಂಪಿನದು. ಅದರ ಅಕ್ಷರಗಳು 0.75 ಮೀಟರಿಗಿಂತ ಎತ್ತರವಾಗಿರಬಾರದು. ಫಲಕದ ಯಾವ ಭಾಗವೂ ನೆಲದಿಂದ 4.6 ಮೀಟರಿಗಿಂತ ಮೇಲಿರಬಾರದು. ಪಾರ್ಕಿನ ಹೆಬ್ಬಾಗಿಲ ಎತ್ತರದ ಗೋಪುರ ಫಲಕಗಳು ಸಾಮಾನ್ಯವಾಗಿ ಮೂರನೆಯ ಗುಂಪಿಗೆ ಬೀಳುತ್ತವೆ. ಹಾಗೆ ಪಡೆದ ಒಪ್ಪಿಗೆಯೂ ಸಾಮಾನ್ಯವಾಗಿ ಐದು ವರ್ಷಗಳಿಗೆ ಸೀಮಿತ. ಜಾಗದ ಒಡೆಯರ ಅನುಮತಿ ಇರಬೇಕು, ಸಂಚಾರ ಸಂಕೇತಗಳು ಮರೆಯಾಗಬಾರದು, ಫಲಕವೂ ಅದನ್ನು ಹೊತ್ತ ಚೌಕಟ್ಟೂ ಸುಸ್ಥಿತಿಯಲ್ಲಿರಬೇಕು ಎಂಬ ಷರತ್ತುಗಳು ಎಲ್ಲಕ್ಕೂ ಅನ್ವಯ.

ಇನ್ನೊಂದು ಅಂಶವನ್ನು ಭಾಷಾ ಅಲ್ಪಸಂಖ್ಯಾತರಾದ ನಾವು ಗಮನಿಸಬೇಕು. ಅಂದಕ್ಕೆ ಅಥವಾ ಸುರಕ್ಷತೆಗೆ ಧಕ್ಕೆಯಾಗದ ಹೊರತು, ಫಲಕದಲ್ಲಿ ಏನು ಬರೆಯಬೇಕೆಂದು ಪ್ರಾಧಿಕಾರವು ಷರತ್ತು ಹಾಕುವಂತಿಲ್ಲ. ಎಂದರೆ ಭಾಷೆಯ ಪ್ರಶ್ನೆ ಯೋಜನಾ ಕಾನೂನಿನ ಹೊರಗೇ ಉಳಿಯುತ್ತದೆ. ಪಕ್ಕದ ವೇಲ್ಸ್‌ನಲ್ಲಿ ವೆಲ್ಷ್ ಭಾಷೆಯ ಸ್ಥಾನವನ್ನು 2011ರ ಪ್ರತ್ಯೇಕ ಭಾಷಾ ಶಾಸನ ಕಾಪಾಡುತ್ತದೆ. ಅದರ ಭಾರ ಮುಖ್ಯವಾಗಿ ಸಾರ್ವಜನಿಕ ಸಂಸ್ಥೆಗಳ ಮೇಲೆಯೇ ಹೊರತು ಖಾಸಗಿ ಅಂಗಡಿಗಳ ಮೇಲಲ್ಲ. ಭಾರತದಲ್ಲಿಯೂ ಫಲಕದ ಗಾತ್ರಕ್ಕೊಂದು ಕಾನೂನು, ಭಾಷೆಗೆ ಮತ್ತೊಂದು ಕಾನೂನು ಎಂಬ ಇದೇ ವಿಂಗಡಣೆ ಇದೆ. ಇವೆರಡನ್ನೂ ಬೆರೆಸಿದ ದೂರುಗಳು ಎತ್ತಲೂ ಸಾಗದೆ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಕಾನೂನಿನ ನೆಲೆ

ನಮ್ಮಲ್ಲಿ ಸ್ಥಳೀಯಾಡಳಿತವು ರಾಜ್ಯಪಟ್ಟಿಯ ವಿಷಯ. 1992ರ 74ನೇ ಸಂವಿಧಾನ ತಿದ್ದುಪಡಿಯು ಹನ್ನೆರಡನೇ ಅನುಸೂಚಿಯನ್ನು ಸೇರಿಸಿ ನಗರ ಯೋಜನೆ, ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣಗಳನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ ಹೊಣೆಗಳಲ್ಲಿ ಮೊದಲ ಸಾಲಿನಲ್ಲಿಟ್ಟಿತು. ಜಾಹೀರಾತಿನ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದ್ದ ರಾಜ್ಯಪಟ್ಟಿಯ 55ನೇ ನಮೂದನ್ನು 2016ರ 101ನೇ ತಿದ್ದುಪಡಿ ತೆಗೆದುಹಾಕಿತು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂದಿತು. ತೆರಿಗೆಯ ನಮೂದು ಹೋಯಿತೆಂದು ನಿಯಂತ್ರಣದ ಅಧಿಕಾರ ಹೋಗಲಿಲ್ಲ. ಪರವಾನಗಿ ನೀಡುವ, ಅದಕ್ಕೆ ಶುಲ್ಕ ಪಡೆಯುವ, ಅಕ್ರಮ ಫಲಕವನ್ನು ಕಿತ್ತುಹಾಕುವ ಅಧಿಕಾರ ಸ್ಥಳೀಯ ಸಂಸ್ಥೆಗಳಲ್ಲಿ ಇಂದಿಗೂ ಇದೆ.

ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯ್ದೆಯ 244 ಮತ್ತು 245ನೇ ಕಲಮುಗಳು ಆಕಾಶ ಫಲಕ ಹಾಗೂ ಜಾಹೀರಾತುಗಳಿಗೆ ಆಯುಕ್ತರ ಲಿಖಿತ ಅನುಮತಿಯನ್ನು ಕಡ್ಡಾಯಗೊಳಿಸಿವೆ. ಇದಕ್ಕೆ ಪೂರಕವಾಗಿ ಆ ರಾಜ್ಯ 2022ರಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ತಮಿಳುನಾಡಿನಲ್ಲಿ ನಗರ ಸ್ಥಳೀಯ ಸಂಸ್ಥೆಗಳ ಕಾಯ್ದೆ ಮತ್ತು ಅದರಡಿಯ 2023ರ ನಿಯಮಗಳು ಹೋರ್ಡಿಂಗ್ ಪರವಾನಗಿಯನ್ನು ನಿರ್ಧರಿಸುತ್ತವೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆಗಳು ತಮಿಳುನಾಡಿನಲ್ಲಿ 1959ರಿಂದ, ಕರ್ನಾಟಕದಲ್ಲಿ 1981ರಿಂದ, ಗೋವೆಯಲ್ಲಿ 1988ರಿಂದ, ಮಹಾರಾಷ್ಟ್ರದಲ್ಲಿ 1995ರಿಂದ ಇವೆ. ಕೇರಳ ಸರ್ಕಾರ 2019ರ ಆಗಸ್ಟಿನಲ್ಲಿ ಪಿವಿಸಿ ಫ್ಲೆಕ್ಸ್ ಬಳಕೆಯನ್ನೇ ನಿಷೇಧಿಸಿ ಆದೇಶ ಹೊರಡಿಸಿತು.

ರಾಷ್ಟ್ರೀಯ ಹೆದ್ದಾರಿಯ ಜಾಗದಲ್ಲಿ ನಿಂತ ಫಲಕಕ್ಕೆ ಇನ್ನೊಂದು ಕಾಯ್ದೆ ಸೇರಿಕೊಳ್ಳುತ್ತದೆ. 2002ರ ರಾಷ್ಟ್ರೀಯ ಹೆದ್ದಾರಿಗಳ (ಭೂಮಿ ಮತ್ತು ಸಂಚಾರ) ನಿಯಂತ್ರಣ ಕಾಯ್ದೆಯಂತೆ ಹೆದ್ದಾರಿ ಆಡಳಿತದ ಒಪ್ಪಿಗೆಯಿಲ್ಲದೆ ಆ ಜಾಗವನ್ನು ಯಾರೂ ಬಳಸುವಂತಿಲ್ಲ. ಹೊಸೂರಿನ 44ನೇ ಹೆದ್ದಾರಿ, ಕಾಸರಗೋಡಿನ 66ನೇ ಹೆದ್ದಾರಿ, ಸೊಲ್ಲಾಪುರ ಹಾಗೂ ಜಹೀರಾಬಾದ್ ಹಾದುಹೋಗುವ 65ನೇ ಹೆದ್ದಾರಿಗಳ ಅಂಚಿನಲ್ಲಿರುವವರು ಇದನ್ನು ನೆನಪಿಡಬೇಕು. ರಸ್ತೆಬದಿಯ ಜಾಹೀರಾತುಗಳ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ ರೂಪಿಸಿದ 46ನೇ ಸಂಹಿತೆಯು, ರಸ್ತೆ ಕೂಡುವಲ್ಲಿ ಮತ್ತು ಸೇತುವೆಗಳ ಬಳಿ 100 ಮೀಟರ್ ವ್ಯಾಪ್ತಿಯಲ್ಲಿ ಜಾಹೀರಾತು ಇರಕೂಡದೆಂದೂ, ನಗರ ಪ್ರದೇಶದಲ್ಲಿ ಈ ಅಂತರವನ್ನು 50 ಮೀಟರಿಗೆ ಇಳಿಸಬಹುದೆಂದೂ ಹೇಳುತ್ತದೆ.

ನ್ಯಾಯಾಲಯಗಳೂ ಸುಮ್ಮನೆ ಕುಳಿತಿಲ್ಲ. 1997ರ ನವೆಂಬರಿನಲ್ಲಿ ಎಂ. ಸಿ. ಮೆಹತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೆಹಲಿಯ ರಸ್ತೆಬದಿಯಲ್ಲಿ ಸಂಚಾರಕ್ಕೆ ಅಪಾಯಕಾರಿಯಾದ ಹೋರ್ಡಿಂಗುಗಳನ್ನು ತೆಗೆಸಲು ಆದೇಶಿಸಿತು. 2018ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಕಟ್ಟುನಿಟ್ಟಿನ ನಿರ್ದೇಶನದ ಬಳಿಕ ಬೆಂಗಳೂರಿನಲ್ಲಿ ಅಕ್ರಮ ಫ್ಲೆಕ್ಸುಗಳ ತೆರವು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಇನ್ನೊಂದೆಡೆ, ವಾಣಿಜ್ಯ ಜಾಹೀರಾತು ಕೂಡ ವಾಕ್ ಸ್ವಾತಂತ್ರ್ಯದ ಒಂದು ಭಾಗವೆಂದು 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ಆದ್ದರಿಂದ ನಿಯಂತ್ರಣವು ಮನಬಂದಂತೆ ಇರಕೂಡದು. ಸುರಕ್ಷತೆ, ಸಂಚಾರ, ಅಂದ ಮುಂತಾದ ಸಕಾರಣಗಳ ಮೇಲೆ ನಿಂತಿರಬೇಕು.

ಪಾರ್ಕಿನ ಗೇಟಿನೊಳಗೆ ಅಧಿಕಾರ ಯಾರದು?

ಊರಿನ ಪೇಟೆಯಲ್ಲಿ ಫಲಕವೊಂದರ ಬಗ್ಗೆ ಕೇಳಬೇಕಾದರೆ ಪುರಸಭೆಗೋ ಪಂಚಾಯತಿಗೋ ಹೋದರೆ ಸಾಕು. ಕೈಗಾರಿಕಾ ಪಾರ್ಕಿನಲ್ಲಿ ಹಾಗಲ್ಲ. ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಡಿ, ಎಂಐಡಿಸಿ ತನಗೆ ವಹಿಸಿದ ಪ್ರದೇಶದಲ್ಲಿ ವಿಶೇಷ ಯೋಜನಾ ಪ್ರಾಧಿಕಾರವಾಗಿ ಕೆಲಸ ಮಾಡುತ್ತದೆ. ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಕೈಗಾರಿಕಾ ಪ್ರದೇಶ ಸ್ಥಳೀಯ ಪ್ರಾಧಿಕಾರಗಳೆಂಬ ವ್ಯವಸ್ಥೆಯಿದ್ದು, ಪಂಚಾಯತಿ ಇಲ್ಲವೇ ಪುರಸಭೆಯ ಹಲವು ಅಧಿಕಾರಗಳು ಅವುಗಳಿಗೆ ಹಸ್ತಾಂತರವಾಗಿವೆ. ಹೊಸೂರಿನಲ್ಲಿ ಮಹಾನಗರ ಪಾಲಿಕೆ, ಹೊಸ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಮತ್ತು ಸಿಪ್ಕಾಟ್ ಹೀಗೆ ಮೂರು ಸಂಸ್ಥೆಗಳ ಹೆಸರು ಕೇಳಿಬರುತ್ತದೆ. ಅನೇಕ ಪಾರ್ಕುಗಳ ಹೆಬ್ಬಾಗಿಲು ಒಂದು ಸಂಸ್ಥೆಯ ವ್ಯಾಪ್ತಿಯಲ್ಲಿ, ಅದರ ಮುಂದಿನ ರಸ್ತೆ ಲೋಕೋಪಯೋಗಿ ಇಲಾಖೆಯ ಅಥವಾ ಹೆದ್ದಾರಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಇರುವುದುಂಟು.

ಇಷ್ಟಲ್ಲದೆ, ಪಾರ್ಕಿನಲ್ಲಿ ನಿವೇಶನವನ್ನು ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ಕೊಡಲಾಗುತ್ತದೆ. ಗುತ್ತಿಗೆ ಪತ್ರದಲ್ಲಿಯೇ ಜಾಗವನ್ನು ಯಾವ ಉದ್ದೇಶಕ್ಕೆ ಬಳಸಬೇಕೆಂಬ ಷರತ್ತಿರುತ್ತದೆ. ಯಂತ್ರದ ಬಿಡಿಭಾಗ ತಯಾರಿಸಲೆಂದು ಪಡೆದ ನಿವೇಶನದ ಅಂಚನ್ನು ಹೋರ್ಡಿಂಗ್ ಕಂಪನಿಗೆ ಬಾಡಿಗೆಗೆ ಕೊಟ್ಟರೆ ಅದು ಪರವಾನಗಿಯ ಪ್ರಶ್ನೆಯಷ್ಟೇ ಆಗದೆ ಗುತ್ತಿಗೆಯ ಷರತ್ತಿನ ಪ್ರಶ್ನೆಯೂ ಆಗುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ನೆಲ ಯಾರದು, ಕಟ್ಟಲು ಒಪ್ಪಿಗೆ ಕೊಟ್ಟವರು ಯಾರು, ಪ್ರದರ್ಶಿಸಲು ಪರವಾನಗಿ ಕೊಟ್ಟವರು ಯಾರು. ಮೂರಕ್ಕೂ ಕಾಗದದ ಮೇಲೆ ಉತ್ತರವಿರಬೇಕು.

ಹೊಣೆ ಹರಿದುಹಂಚಿದಾಗ

ಹೀಗೆ ಅಧಿಕಾರ ಹಂಚಿಹೋದಾಗ ಏನಾಗುತ್ತದೆಂಬುದನ್ನು 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್ ತೋರಿಸಿಕೊಟ್ಟಿತು. ಮಳೆಗಾಳಿಗೆ ಬೃಹತ್ ಹೋರ್ಡಿಂಗೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಮಂದಿ ಮಡಿದರು. ಮುಂಬಯಿ ಪಾಲಿಕೆಯ ಮಿತಿ ಗರಿಷ್ಠ 40 ಅಡಿಗೆ 40 ಅಡಿ. ಬಿದ್ದ ಫಲಕದ ಅಳತೆ ಸುಮಾರು 120 ಅಡಿಗೆ 120 ಅಡಿ. ಅದು ನಿಂತಿದ್ದ ನೆಲ ಸರ್ಕಾರಿ ರೈಲ್ವೆ ಪೊಲೀಸರ ವಶದಲ್ಲಿತ್ತು. ಪಾಲಿಕೆಯ ಅನುಮತಿ ಅದಕ್ಕಿರಲಿಲ್ಲ. ನೆಲದ ಹೊಣೆ ಹೊತ್ತವರು ಒಬ್ಬರು, ಮಿತಿ ನಿಗದಿಪಡಿಸಿದವರು ಮತ್ತೊಬ್ಬರು ಆದಾಗ ನಡುವೆ ಉಳಿದ ಬಿರುಕಿನಲ್ಲಿ ಆ ಫಲಕ ಎದ್ದು ನಿಂತಿತ್ತು. ರಾಜ್ಯ ಸರ್ಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ದಿಲೀಪ್ ಭೋಸಲೆಯವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು.

ಇದು ಮೊದಲನೆಯ ದುರಂತವೂ ಅಲ್ಲ. 2018ರ ಅಕ್ಟೋಬರಿನಲ್ಲಿ ಪುಣೆಯಲ್ಲಿ ಹೋರ್ಡಿಂಗ್ ಬಿದ್ದು ನಾಲ್ವರು ಸತ್ತರು. 2019ರ ಸೆಪ್ಟೆಂಬರ್ 12ರಂದು ಚೆನ್ನೈನ ಪಳ್ಳಿಕರಣೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಅಕ್ರಮ ಬ್ಯಾನರು ಬಿದ್ದು, ಹಿಂದಿನಿಂದ ಬಂದ ಲಾರಿ ಹರಿದು ಅವರು ಅಸುನೀಗಿದರು. 2023ರ ಏಪ್ರಿಲ್ 17ರಂದು ಪಿಂಪ್ರಿ-ಚಿಂಚವಾಡದಲ್ಲಿ ಫಲಕ ಬಿದ್ದು ಐವರು ಪ್ರಾಣ ಕಳೆದುಕೊಂಡರು. ಮಳೆಯಿಂದ ತಪ್ಪಿಸಿಕೊಳ್ಳಲು ಅದರ ಅಡಿಯಲ್ಲಿ ಆಸರೆ ಪಡೆದಿದ್ದವರು ಅವರು. ಅದೇ ವರ್ಷದ ಜೂನ್ 1ರಂದು ಕೊಯಮತ್ತೂರು ಜಿಲ್ಲೆಯ ಕರುಮತ್ತಂಪಟ್ಟಿಯಲ್ಲಿ ಹೋರ್ಡಿಂಗ್ ಕಟ್ಟುತ್ತಿದ್ದ ಮೂವರು ಕಾರ್ಮಿಕರು ಮೃತರಾದರು. ಸತ್ತವರು ದಾರಿಹೋಕರು, ದುಡಿಯುವವರು, ಮಳೆಗೆ ಆಸರೆ ಹುಡುಕಿದವರು. ನಮ್ಮ ಮಕ್ಕಳು ಬಸ್ಸಿಗೆ ಕಾಯುವ ಜಾಗಗಳೂ ಇಂಥವೇ.

ಗಾಳಿಯ ಲೆಕ್ಕ

ಫಲಕಗಳಿಗೆ ಅಳತೆಯ ಮಿತಿಯೇಕೆ ಎಂಬುದನ್ನು ಪ್ರೌಢಶಾಲೆಯ ವಿಜ್ಞಾನದಿಂದಲೇ ತಿಳಿಯಬಹುದು. ಕಟ್ಟಡಗಳ ಮೇಲಿನ ಗಾಳಿಯ ಭಾರವನ್ನು ಲೆಕ್ಕಹಾಕುವ ಭಾರತೀಯ ಮಾನಕ 875ರ ಮೂರನೇ ಭಾಗದಲ್ಲಿ ಬರುವ ಮೂಲ ಸೂತ್ರ ಸರಳವಾದದ್ದು. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್‌ಗಳಲ್ಲಿ ದೊರೆಯುತ್ತದೆ.

ಗಂಟೆಗೆ 90 ಕಿ.ಮೀ. ವೇಗದ ಗಾಳಿ ಎಂದರೆ ಸೆಕೆಂಡಿಗೆ 25 ಮೀಟರ್. 25ರ ವರ್ಗ 625, 0.6ರಿಂದ ಗುಣಿಸಿದರೆ 375 ನ್ಯೂಟನ್. 20 ಅಡಿಗೆ 10 ಅಡಿಯ ಸಾಮಾನ್ಯ ಫಲಕದ ವಿಸ್ತೀರ್ಣ ಸುಮಾರು 18.6 ಚದರ ಮೀಟರ್. ಅದರ ಮೇಲೆ ಬೀಳುವ ಒಟ್ಟು ತಳ್ಳುವಿಕೆ ಸುಮಾರು 7,000 ನ್ಯೂಟನ್, ಎಂದರೆ 700 ಕಿಲೋಗ್ರಾಂ ತೂಕಕ್ಕೆ ಸಮ. 40 ಅಡಿಗೆ 40 ಅಡಿಯ ಫಲಕಕ್ಕೆ ಅದೇ ಗಾಳಿಯಲ್ಲಿ ಐದೂವರೆ ಟನ್ನಿಗೂ ಮಿಗಿಲು. 120 ಅಡಿಗೆ 120 ಅಡಿಯದಾದರೆ ಸುಮಾರು 51 ಟನ್. ಪ್ರತಿ ಬದಿಯನ್ನು ಮೂರು ಪಟ್ಟು ಮಾಡಿದರೆ ವಿಸ್ತೀರ್ಣ ಒಂಬತ್ತು ಪಟ್ಟಾಗುತ್ತದೆ. ಭಾರವೂ ಒಂಬತ್ತು ಪಟ್ಟು. ಗಾಳಿಯ ವೇಗ ಎರಡು ಪಟ್ಟಾದರೆ ಭಾರ ನಾಲ್ಕು ಪಟ್ಟು. ಫಲಕ ಎತ್ತರದಲ್ಲಿದ್ದಷ್ಟೂ ಕಂಬದ ಬುಡವನ್ನು ಬಗ್ಗಿಸುವ ಬಲ ಹೆಚ್ಚುತ್ತದೆ. ಇದು ಸ್ಥೂಲ ಲೆಕ್ಕ. ಇಂಜಿನಿಯರರು ಫಲಕದ ಆಕಾರ, ಎತ್ತರ, ಸುತ್ತಲಿನ ನೆಲದ ಸ್ವರೂಪಗಳನ್ನೂ ಸೇರಿಸಿ ಲೆಕ್ಕ ಮಾಡುತ್ತಾರೆ.

ಅದೇ ಮಾನಕವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮುಂಬಯಿಗೆ 44 ಮೀಟರ್, ಚೆನ್ನೈಗೆ 50 ಮೀಟರ್ ಮೂಲ ಗಾಳಿವೇಗವನ್ನು ನಿಗದಿಪಡಿಸಿದೆ. ಒಂದು ಊರಿನಲ್ಲಿ ಭದ್ರವಾಗಿ ನಿಂತ ನಕ್ಷೆಯನ್ನು ಮತ್ತೊಂದು ಊರಿಗೆ ನೇರವಾಗಿ ಒಯ್ಯಲಾಗದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಅದಕ್ಕಾಗಿಯೇ ದೊಡ್ಡ ಫಲಕಗಳಿಗೆ ರಚನಾ ಇಂಜಿನಿಯರರ ಸ್ಥಿರತಾ ಪ್ರಮಾಣಪತ್ರವನ್ನು ಕೇಳಲಾಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಹತ್ತನೇ ಭಾಗದಲ್ಲಿ ಫಲಕಗಳಿಗೆಂದೇ ಒಂದು ಅಧ್ಯಾಯವಿದೆ.

ಫಲಕದ ಭಾಷೆ

ಈಗ ನಮ್ಮ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಬರೋಣ. ನೆರೆರಾಜ್ಯಗಳ ಭಾಷಾ ನಿಯಮಗಳು ಗಡಿನಾಡಿನಲ್ಲಿ ಕನ್ನಡ ಫಲಕವನ್ನು ನಿಷೇಧಿಸುತ್ತವೆಯೆ?

ಮಹಾರಾಷ್ಟ್ರದಲ್ಲಿ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 2022ರಲ್ಲಿ ಸೇರಿಸಿದ 36-ಎ ಕಲಮಿನಂತೆ ನಾಮಫಲಕವು ದೇವನಾಗರಿ ಲಿಪಿಯ ಮರಾಠಿಯಲ್ಲಿ ಇರಲೇಬೇಕು. ಮರಾಠಿ ಮೊದಲು ಬರಬೇಕು. ಇತರ ಭಾಷೆಯ ಅಕ್ಷರಗಳು ಮರಾಠಿ ಅಕ್ಷರಗಳಿಗಿಂತ ದೊಡ್ಡವಾಗಿರಬಾರದು. ವ್ಯಾಪಾರಿಗಳ ಸಂಘವೊಂದು ಮರಾಠಿ ನಾಮಫಲಕದ ಕಡ್ಡಾಯವನ್ನು ಪ್ರಶ್ನಿಸಿದಾಗ 2022ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. ಬೇರೆ ಭಾಷೆಯ ಬಳಕೆಗೆ ಇಲ್ಲಿ ನಿಷೇಧವಿಲ್ಲವೆಂಬುದನ್ನೂ ಎತ್ತಿ ತೋರಿಸಿತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಪಾಲನೆಗೆ ಎರಡು ತಿಂಗಳ ಕಾಲಾವಕಾಶ ನೀಡಿತು. ಆದ್ದರಿಂದ ಅಕ್ಕಲಕೋಟೆಯಲ್ಲಿಯೋ ಜತ್ತದಲ್ಲಿಯೋ ಮರಾಠಿಯ ಕೆಳಗೆ, ಅದಕ್ಕಿಂತ ದೊಡ್ಡದಲ್ಲದ ಅಕ್ಷರಗಳಲ್ಲಿ ಕನ್ನಡವನ್ನು ಬರೆಯಲು ಈ ಕಲಮು ಅಡ್ಡಿಯಲ್ಲ.

ತಮಿಳುನಾಡಿನಲ್ಲಿ 1948ರ ಅಂಗಡಿ ಮತ್ತು ಸಂಸ್ಥೆಗಳ ನಿಯಮಗಳ 15ನೇ ನಿಯಮ ನಾಮಫಲಕದಲ್ಲಿ ತಮಿಳನ್ನು ಕಡ್ಡಾಯಗೊಳಿಸುತ್ತದೆ. ಇತರ ಭಾಷೆಗಳಿದ್ದರೆ ತಮಿಳು, ಇಂಗ್ಲಿಷ್, ಇತರ ಭಾಷೆ ಎಂಬ ಕ್ರಮದಲ್ಲಿ 5:3:2ರ ಪ್ರಮಾಣ ಅಲ್ಲಿ ಪ್ರಚಲಿತವಾಗಿದೆ. ಹೊಸೂರು, ತಾಳವಾಡಿಗಳಲ್ಲಿ ಕನ್ನಡಕ್ಕೆ ಸಿಗಬಹುದಾದ ಪಾಲು ಆ ಕೊನೆಯ ಎರಡು ಭಾಗ. ಕಡಿಮೆಯೆಂದು ಅನಿಸಬಹುದು, ಆದರೆ ಅದು ನಿಯಮವೇ ಒಪ್ಪಿದ ಪಾಲು. ಕರ್ನಾಟಕದಲ್ಲಿಯೂ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯು ನಾಮಫಲಕದ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿ ಉಳಿದ ಪಾಲನ್ನು ಇತರ ಭಾಷೆಗಳಿಗೆ ಬಿಟ್ಟಿದೆ. ರಾಜ್ಯಭಾಷೆಗೆ ಅಗ್ರಸ್ಥಾನ, ಇತರ ಭಾಷೆಗಳಿಗೆ ಎಡೆ ಎಂಬ ತತ್ವ ಮೂರು ರಾಜ್ಯಗಳಲ್ಲಿಯೂ ಒಂದೇ. ಅಲ್ಲಿ ನಾವು ಕೇಳುವ ಎಡೆಯನ್ನೇ ಇಲ್ಲಿ ಇತರರೂ ಕೇಳುತ್ತಾರೆಂಬುದನ್ನು ಮರೆಯಬಾರದು.

ಸಾರ್ವಜನಿಕ ಕಟ್ಟಡಗಳ ಫಲಕದ ಬಗ್ಗೆ 2025ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಮಹತ್ವದ ತೀರ್ಪನ್ನಿತ್ತಿತು. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ಪುರಸಭೆಯ ಕಟ್ಟಡದ ಫಲಕದಲ್ಲಿ ಮರಾಠಿಯ ಜೊತೆಗೆ ಉರ್ದು ಇರಬಾರದೆಂಬ ವಾದವನ್ನು ನ್ಯಾಯಮೂರ್ತಿಗಳಾದ ಸುಧಾಂಶು ಧುಲಿಯಾ ಮತ್ತು ಕೆ. ವಿನೋದ್ ಚಂದ್ರನ್ ಅವರ ಪೀಠ ತಳ್ಳಿಹಾಕಿತು. ಸ್ಥಳೀಯ ಸಂಸ್ಥೆಗಳ ಅಧಿಕೃತ ಭಾಷೆ ಮರಾಠಿಯೆಂದು 2022ರ ಕಾಯ್ದೆ ಹೇಳಿದರೂ, ಹೆಚ್ಚುವರಿಯಾಗಿ ಇನ್ನೊಂದು ಭಾಷೆಯನ್ನು ಬಳಸುವುದನ್ನು ಅದು ತಡೆಯುವುದಿಲ್ಲವೆಂದು ಪೀಠ ತಿಳಿಸಿತು. ಸ್ಥಳೀಯ ಜನರಿಗೆ ತಲುಪುವುದೇ ಭಾಷೆಯ ಕೆಲಸವೆಂಬುದು ಈ ತೀರ್ಪಿನ ಹುರುಳು. ಇದು ಕನ್ನಡದ ಪ್ರಕರಣವಲ್ಲ. ಆದರೂ ಗಡಿನಾಡ ಕನ್ನಡಿಗರು ಸ್ಥಳೀಯ ಸಂಸ್ಥೆಯ ಮುಂದೆ ಗೌರವದಿಂದ ಉಲ್ಲೇಖಿಸಬಹುದಾದ ತೀರ್ಪು.

ಕಾರ್ಖಾನೆಯ ಒಳಗಿನ ಸೂಚನೆಗಳ ವಿಷಯ ಇನ್ನೂ ಮುಖ್ಯವಾದದ್ದು. 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಕಲಮು, ಕಡ್ಡಾಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕೆಂಬ ತತ್ವವನ್ನು ನೆಲೆಗೊಳಿಸಿತು. ರಾಜ್ಯ ಯಾವುದೆಂಬುದಕ್ಕಿಂತ ದುಡಿಯುವವರು ಯಾರೆಂಬುದು ಇಲ್ಲಿನ ಅಳತೆಗೋಲು. ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಲಾಗಿದೆ. ಕನ್ನಡಿಗರೇ ಹೆಚ್ಚಾಗಿರುವ ಕಾರ್ಖಾನೆಯಲ್ಲಿ ಅಪಾಯದ ಸೂಚನೆಯನ್ನು ಕನ್ನಡದಲ್ಲಿಯೂ ಹಾಕಿರೆಂದು ಕೇಳುವುದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಜೀವರಕ್ಷಣೆಯ ಮಾತು.

ದೂರು ಎಲ್ಲಿಗೆ, ಯಾವ ಭಾಷೆಯಲ್ಲಿ?

ಅಪಾಯಕಾರಿ ಫಲಕವನ್ನು ಕಂಡಾಗ ಮೊದಲು ಗಮನಿಸಬೇಕಾದವು: ಕಂಬದ ಬುಡದಲ್ಲಿ ತುಕ್ಕು ಅಥವಾ ಬಿರುಕು, ವಾಲಿದ ಚೌಕಟ್ಟು, ಸಡಿಲಗೊಂಡ ಬೋಲ್ಟುಗಳು, ಹರಿದು ಗಾಳಿಗೆ ಬಡಿಯುವ ಹೊದಿಕೆ, ಜೋತುಬಿದ್ದ ವಿದ್ಯುತ್ ತಂತಿ, ಮರೆಯಾದ ಸಂಚಾರ ಸಂಕೇತ. ಪರವಾನಗಿ ಸಂಖ್ಯೆ ಮತ್ತು ಅವಧಿಯನ್ನು ಫಲಕದ ಮೇಲೆ ನಮೂದಿಸಬೇಕೆಂಬ ಷರತ್ತು ಅನೇಕ ಕಡೆ ಇದೆ, ಅದಿದೆಯೇ ನೋಡಬೇಕು. ಜಾಗದ ಗುರುತು, ದಿನಾಂಕ, ಛಾಯಾಚಿತ್ರಗಳೊಡನೆ ಲಿಖಿತ ದೂರನ್ನು ಸ್ಥಳೀಯ ಸಂಸ್ಥೆಗೂ ಕೈಗಾರಿಕಾ ಅಭಿವೃದ್ಧಿ ನಿಗಮದ ಸ್ಥಳೀಯ ಕಚೇರಿಗೂ ಏಕಕಾಲದಲ್ಲಿ ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಪಡೆಯಬೇಕು. ಹೆದ್ದಾರಿಯ ಜಾಗವಾದರೆ ಹೆದ್ದಾರಿ ಪ್ರಾಧಿಕಾರಕ್ಕೂ ಒಂದು ಪ್ರತಿ ಹೋಗಬೇಕು. ಇಬ್ಬರಿಗೂ ಏಕಕಾಲದಲ್ಲಿ ಬರೆದರೆ, ಅದು ನಮ್ಮದಲ್ಲವೆಂದು ಇಬ್ಬರೂ ಹೇಳುವ ಅವಕಾಶ ಕಡಿಮೆಯಾಗುತ್ತದೆ. ಶಾಲೆಯ ಸಮೀಪದ ಫಲಕವಾದರೆ ರಕ್ಷಕ-ಶಿಕ್ಷಕ ಸಂಘದ ಹೆಸರಿನಲ್ಲಿ ಬರೆದ ದೂರಿಗೆ ಹೆಚ್ಚಿನ ತೂಕವಿರುತ್ತದೆ.

ದೂರನ್ನು ಕನ್ನಡದಲ್ಲಿ ಬರೆಯಬಹುದೆ? ಬರೆಯಬಹುದು. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಕೇರಳದಲ್ಲಿ ಸ್ಥಿತಿ ಇನ್ನೂ ಉತ್ತಮ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸಚಿವಾಲಯ, ಇಲಾಖಾ ಮುಖ್ಯಸ್ಥರು ಮತ್ತು ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದೂ ವಿಧಿಸಿದೆ.

ಮಾಹಿತಿ ಹಕ್ಕಿನ ಅರ್ಜಿಯ ವಿಷಯ ಬೇರೆ. 2005ರ ಕಾಯ್ದೆಯ 6ನೇ ಕಲಮಿನಂತೆ ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಬರೆಯಲಾಗದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಪರವಾನಗಿಯ ಪ್ರತಿ, ಅದರ ಅವಧಿ, ಒಪ್ಪಿಗೆ ಪಡೆದ ಅಳತೆ, ಸ್ಥಿರತಾ ಪ್ರಮಾಣಪತ್ರದ ಪ್ರತಿ ಈ ನಾಲ್ಕನ್ನು ಕೇಳಿದರೆ ಫಲಕದ ಜಾತಕವೆಲ್ಲ ತಿಳಿಯುತ್ತದೆ.

ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಯೋಜನೆಯಂತೆ, ಜಿಲ್ಲೆ ಅಥವಾ ಅದಕ್ಕಿಂತ ಸಣ್ಣ ಪ್ರದೇಶದಲ್ಲಿ ಕನಿಷ್ಠ ಶೇ. 15ರಷ್ಟು ಜನರಾಡುವ ಭಾಷೆಯಲ್ಲಿ ಮುಖ್ಯ ನಿಯಮಗಳೂ ಪ್ರಕಟಣೆಗಳೂ ದೊರೆಯಬೇಕು. ಇದು ನಡೆಯದಿದ್ದಲ್ಲಿ, 350-ಬಿ ವಿಧಿಯಡಿ ನೇಮಕಗೊಳ್ಳುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಗಮನಕ್ಕೆ ತರಬಹುದು.

ಕುಟುಂಬಗಳು ನೆನಪಿಡಬೇಕಾದವು

ಮಳೆಗಾಳಿ ಎದ್ದಾಗ ಹೋರ್ಡಿಂಗಿನ ಅಡಿಯಲ್ಲಿ, ಬ್ಯಾನರಿನ ಪಕ್ಕದಲ್ಲಿ ನಿಲ್ಲಬಾರದೆಂದು ಮಕ್ಕಳಿಗೆ ಈಗಲೇ ಹೇಳಿಕೊಡಬೇಕು. ನಿತ್ಯದ ದಾರಿಯಲ್ಲಿರುವ ದೊಡ್ಡ ಫಲಕಗಳನ್ನು ಮುಂಗಾರಿಗೆ ಮೊದಲೇ ಒಮ್ಮೆ ಗಮನಿಸಿ, ಅನುಮಾನವಿದ್ದರೆ ಬರಹದಲ್ಲಿ ತಿಳಿಸಬೇಕು. ಪರವಾನಗಿ ಇದೆಯೆಂಬ ಮಾತಿಗೆ ತೃಪ್ತರಾಗದೆ ಯಾವ ಅಳತೆಗೆ, ಯಾವ ಅವಧಿಗೆ ಎಂದು ಕೇಳಬೇಕು. ನಮ್ಮವರೇ ನಡೆಸುವ ಅಂಗಡಿ, ಕಾರ್ಖಾನೆಗಳಲ್ಲಿ ಆಯಾ ರಾಜ್ಯದ ಭಾಷೆಗೆ ವಿಧಿಸಿದ ಸ್ಥಾನವನ್ನು ಕೊಟ್ಟು, ನಿಯಮವು ಒಪ್ಪಿದ ಎಡೆಯಲ್ಲಿ ಕನ್ನಡವನ್ನು ತಪ್ಪಿಲ್ಲದೆ, ಓದಬಲ್ಲ ಗಾತ್ರದಲ್ಲಿ ಬರೆಸಬೇಕು. ಶಾಲೆಯಲ್ಲಿ ಕಲಿತ ಅಕ್ಷರವನ್ನು ಮಗು ಬೀದಿಯಲ್ಲಿಯೂ ಓದುವಂತಾದರೆ ಆ ಕಲಿಕೆ ಗಟ್ಟಿಯಾಗುತ್ತದೆ. ಹಾಗೆ ಓದಲು ತಲೆಯೆತ್ತಿ ನಿಂತ ಮಗುವಿಗೆ ಆ ಫಲಕದಿಂದಲೇ ಅಪಾಯವಾಗದಂತೆ ಕಾಯಬೇಕಾದ ಹೊಣೆ, ಅನುಮತಿ ಕೊಟ್ಟವರದೂ ಪಡೆದವರದೂ ಆಗಿರುವಂತೆ, ಕೇಳುವ ಹಕ್ಕುಳ್ಳ ನಮ್ಮದೂ ಹೌದು.